ಬಿಗಿ ಮಾಡುವ ಕೈ

ಹುಸೇನ್ ಸಾಗರದ ಒಂದು ದೋಣಿಯಲ್ಲಿ ಸೋರುತ್ತಿದ್ದ ನೀರಿನ ಪೈಪನ್ನು ಸರಿಮಾಡಲು ನಾನು ಮೊದಲ ಸಲ ಕೇಳಿದ್ದು ಎಂಟುನೂರು ರೂಪಾಯಿ. ಮನೆಯ ನಲ್ಲಿ ರಿಪೇರಿಗೆ ಅರವತ್ತು ಕೊಡುವಾಗಲೂ ಜನ ನೋಟನ್ನು ತಿಕ್ಕಿ ತಿಕ್ಕಿ ನೋಡುತ್ತಿದ್ದ ಕಾಲ ಅದು. ದೋಣಿಯ ಗುತ್ತಿಗೆದಾರ ರಾಜಿರೆಡ್ಡಿ ನನ್ನನ್ನು ಮೇಲಿಂದ ಕೆಳಗೆ ಅಳೆದು, "ಕ್ಯಾ ಮಿಸ್ತ್ರಿ, ಪೈಪ್ ಕೋ ಸೋನಾ ಲಗಾತೇ ಕ್ಯಾ?" ಎಂದ. ಪೈಪಿಗೆ ಬಂಗಾರವನ್ನಲ್ಲ ಸಾಹೇಬ್, ನನ್ನ ಬೆನ್ನನ್ನು ಹಚ್ಚುತ್ತೇನೆ ಎಂದೆ.

ಬೆಲೆ ಯಾಕೆ ಅಷ್ಟು ಎಂದು ಆಗ ಅವನಿಗೆ ವಿವರಿಸಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದೋಣಿಯ ನೆಲಹಲಗೆಯ ಕೆಳಗೆ ಕೂತು ಕೆಲಸ ಮಾಡಲು ಆಗುವುದಿಲ್ಲ. ಮಲಗಿ, ತಲೆಯನ್ನು ಎಂಜಿನ್ನಿನ ಪಕ್ಕಕ್ಕೆ ಕೊಟ್ಟು, ಕೈಯನ್ನು ಕಣ್ಣಿಗೆ ಕಾಣದ ಕಡೆಗೆ ಚಾಚಬೇಕು. ಕೆರೆಯ ನಡುವೆ ಒಂದು ರಬ್ಬರ್ ಉಂಗುರ ಕಡಿಮೆ ಬಿದ್ದರೆ ಪಕ್ಕದಲ್ಲಿ ಅಂಗಡಿ ಇಲ್ಲ, ಆದ್ದರಿಂದ ಅರ್ಧ ಅಂಗಡಿಯನ್ನು ಚೀಲದಲ್ಲಿ ಹೊತ್ತೇ ಹೋಗಬೇಕು. ಆ ಹೊಸ ಬಗೆಯ ಪೈಪಿನ ಫಿಟ್ಟಿಂಗುಗಳು ಹೈದರಾಬಾದಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಮುಂಬೈಯಿಂದ ತರಿಸಬೇಕಿತ್ತು. ಬೇಸಿಗೆಯಲ್ಲಿ ಆ ಕೆರೆಯ ವಾಸನೆ ಊಟದ ಡಬ್ಬಿಯೊಳಗೂ ಬಂದು ಕೂರುತ್ತಿತ್ತು. ಇನ್ನೂ ಒಂದು ಕಾರಣವಿತ್ತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ: ಆ ಬಗೆಯ ಪೈಪಿನ ಕೆಲಸ ಬಲ್ಲವರು ಊರಲ್ಲಿ ಬಹಳ ಜನ ಇರಲಿಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆರುನೂರೈವತ್ತಕ್ಕೆ ಮಾತು ಕುದುರಿತು, ಚಹಾ ಅವನ ಕಡೆಯಿಂದ.

ಇವತ್ತು ಆ ಚೀಲ ಕೆಳಗಿಟ್ಟು ಕೂತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಸಿಕ್ಕಾಗ ಲಾಭ ಎಷ್ಟು, ಗುತ್ತಿಗೆ ಹಿಡಿಯುವುದು ಹೇಗೆ ಎಂದು ಕೇಳುತ್ತಾರೆ. ಅದು ನಿಮಗೆ ಯಾರಾದರೂ ಹೇಳಿಕೊಡುತ್ತಾರೆ. ನಾನು ಆ ಒಂದು ದೋಣಿಯ ಸಂಗತಿ ಹೇಳುತ್ತೇನೆ. ನನಗೆ ನಿಜವಾಗಿ ಕೆಲಸ ಕಲಿಸಿದ್ದು ಅದು. ಈಗಲೂ ಮುಂಜಾನೆ ಎಚ್ಚರವಾದರೆ ಕಾಲು ಮೊದಲು ಹೊರಳುವುದು ಆ ಕೆರೆದಂಡೆಯ ಟ್ಯಾಂಕ್‌ಬಂಡಿನ ಕಡೆಗೆ.

ನಾನು ಸಿಂದಗಿ ಕಡೆಯವನು. ಶಾಲೆ ಬಿಟ್ಟು ಹೈದರಾಬಾದಿಗೆ ಬಂದು ತಾರ್ನಾಕದಲ್ಲಿ ನರ್ಸಿಂಲು ಎಂಬ ಉಸ್ತಾದನ ಕೈಕೆಳಗೆ ಕಬ್ಬಿಣದ ಪೈಪಿನ ಕೆಲಸ ಕಲಿತೆ. ಪೈಪಿನ ತುದಿಗೆ ಆಟೆ, ಅಂದರೆ ತಿರುಪಿನ ಸುತ್ತು, ಕೊರೆಯುವುದು, ಆಟೆಗೆ ಸುತಲಿ ದಾರ ಸುತ್ತುವುದು, ಮೇಲೆ ಸಫೇದಾ ಎಂಬ ಬಿಳಿ ಲೇಪ ಬಳಿಯುವುದು, ಆಮೇಲೆ ಪಾನಾ ಹಾಕಿ ತಿರುಗಿಸುವುದು. ನಾನು ತಿರುಗಿಸುವಾಗ ಉಸ್ತಾದ ಬೆನ್ನ ಹಿಂದೆ ನಿಂತು ತೆಲುಗಿನಲ್ಲಿ, "ಇಂಕೊಂಚೆಂ... ಇಂಕೊಂಚೆಂ..." ಎನ್ನುತ್ತಿದ್ದ. ಇನ್ನೊಂಚೂರು, ಇನ್ನೊಂಚೂರು ಎಂದು. ನಮ್ಮ ಕಾಲದವರ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿತ್ತು. ಸೋರಿದರೆ ಇನ್ನೊಂಚೂರು ಬಿಗಿ ಮಾಡು. ಸೋರದಿದ್ದರೂ ಇನ್ನೊಂಚೂರು ಬಿಗಿ ಮಾಡು, ನಾಳೆ ಸೋರೀತು.

ಹೊಸ ಬಗೆಯ ಪೈಪನ್ನು ನಾನು ಮೊದಲು ನೋಡಿದ್ದು ನಾಂಪಲ್ಲಿಯ ಜನವರಿ ಪ್ರದರ್ಶನದಲ್ಲಿ. ಹೆಂಡತಿ ಬಳೆ ಅಂಗಡಿಯಲ್ಲಿ ಚೌಕಾಸಿಗೆ ಕೂತಳು. ನಾನು ಪಕ್ಕದ ಸಾಲಿಗೆ ಹೋದೆ. ಅಲ್ಲೊಬ್ಬ ಟೈ ಕಟ್ಟಿದ ಹುಡುಗ ಪ್ಲಾಸ್ಟಿಕ್ ಪೈಪನ್ನು ಫಿಟ್ಟಿಂಗಿನ ಬಾಯಿಗೆ ಬರಿಗೈಯಿಂದ ಒತ್ತಿದ, ನೀರು ಬಿಟ್ಟ, ಒಂದು ಹನಿ ಹೊರಬರಲಿಲ್ಲ. ಆಟೆ ಇಲ್ಲ, ಸುತಲಿ ಇಲ್ಲ, ಪಾನಾ ಇಲ್ಲ. ಬಾಯಿಯೊಳಗೆ ಉಕ್ಕಿನ ಸಣ್ಣ ಹಲ್ಲುಗಳ ಒಂದು ಬಳೆ ಇರುತ್ತದೆ, ಅದು ಪೈಪನ್ನು ಕಚ್ಚಿ ಹಿಡಿಯುತ್ತದೆ. ಅದರ ಹಿಂದೆ ರಬ್ಬರ್ ಉಂಗುರ, ಅದು ನೀರನ್ನು ತಡೆಯುತ್ತದೆ. ಬಿಚ್ಚಬೇಕಾದರೆ ಬಳೆಯನ್ನು ಬೆರಳಿಂದ ಒಳಕ್ಕೆ ಒತ್ತಿ ಪೈಪು ಎಳೆದರಾಯಿತು. ನನ್ನ ತೋಳಿನ ಬಲಕ್ಕೆ ಇನ್ನು ಬೆಲೆ ಇಲ್ಲ ಎಂದುಕೊಂಡೆ. ಪ್ರದರ್ಶನದ ಕೊನೆಯ ದಿನ ಮತ್ತೆ ಹೋಗಿ, ಮಳಿಗೆಯವರು ಗಂಟು ಕಟ್ಟುವ ಹೊತ್ತಿಗೆ, ಪೈಪು ಜೋಡಿಸಿ ತೋರಿಸಲು ಇಟ್ಟಿದ್ದ ಹಲಗೆಯನ್ನೇ ಫಿಟ್ಟಿಂಗುಗಳ ಸಮೇತ ಅಗ್ಗಕ್ಕೆ ಎತ್ತಿಕೊಂಡು ಬಂದೆ. ನೆನಪಿಡಿ, ಯಾವ ಪ್ರದರ್ಶನದಲ್ಲೂ ಕೊನೆಯ ದಿನ ಸಂಜೆಯೇ ಕೊಳ್ಳುವ ಹೊತ್ತು. ಮಾರುವವನಿಗೆ ಲಾರಿ ಬಾಡಿಗೆಯ ಚಿಂತೆ ಹತ್ತಿರುತ್ತದೆ. ಸನತ್‌ನಗರದ ನಮ್ಮ ಒಂದೇ ಕೋಣೆಯಲ್ಲಿ ಆ ಹಲಗೆ ಗೋಡೆಗೆ ಒರಗಿ ಕೂತಿತು. ಹೆಂಡತಿ, "ಮಂದಿ ಎಕ್ಸಿಬಿಷನ್ನಿಗ ಹೋಗಿ ಹೆಂಡ್ತಿಗೆ ಸೀರಿ ತರ್ತಾರ, ಇವರು ತಮಗ ಆಟಿಗಿ ಸಾಮಾನ ತಂದಾರ," ಎಂದಳು. ಆ ಆಟಿಕೆಯನ್ನು ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ನಾನು ಅದರ ಮನಸ್ಸು ತಿಳಿದುಕೊಂಡೆ.

ಊರಿನ ಉಳಿದ ಮಿಸ್ತ್ರಿಗಳು ಅದರ ಮನಸ್ಸು ತಿಳಿಯುವ ಗೊಡವೆಗೆ ಹೋಗಲಿಲ್ಲ. ತಾರ್ನಾಕದ ಒಂದು ಹೊಸ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕಡೆಯ ಮಿಸ್ತ್ರಿಯೇ ಒಬ್ಬ ಈ ಪೈಪಿನ ತುದಿಗೂ ಸುತಲಿ ಸುತ್ತಿ, ಸಫೇದಾ ಮೆತ್ತಿ, ಸುತ್ತಿಗೆಯಿಂದ ಬಡಿದು ಒಳಗೆ ಕಳಿಸಿದ್ದ. ಮೂರನೆಯ ಮಹಡಿಯ ನೀರು ಎರಡನೆಯ ಮಹಡಿಯವರ ಟಿ.ವಿ. ಮೇಲೆ ಇಳಿಯಿತು. ನಾನು ಹೋಗಿ ಬಿಚ್ಚಿದಾಗ ಒಳಗಿಂದ ಸುತಲಿ ಬತ್ತಿಯ ಹಾಗೆ ಹೊರಬಂತು. ಅವನನ್ನು ಕೇಳಿದರೆ, "ಸುತಲಿ ಇಲ್ದ ಜಾಯಿಂಟ್ ಅಂದ್ರ ತಾಳಿ ಇಲ್ದ ಲಗ್ನ ಇದ್ದಂಗ," ಎಂದ. ಇಂಥವರಿಂದಾಗಿಯೇ ನನ್ನ ಹೆಸರು ಹರಡಿತು, ಹರಡಿ ಕೆರೆಯ ತನಕ ಹೋಯಿತು.

ರಾಜಿರೆಡ್ಡಿಯ ದೋಣಿ ದೊಡ್ಡದು. ಮೇಲೆ ನಿಶ್ಚಿತಾರ್ಥ, ಹುಟ್ಟುಹಬ್ಬಗಳಿಗೆ ಬಾಡಿಗೆ ಕೊಡುವ ಹಾಲ್. ಹಿಂದೆ ಚಹಾ ಮಾಡುವ ಸಣ್ಣ ಅಡುಗೆಕಟ್ಟೆ, ಎರಡು ಕೈ ತೊಳೆಯುವ ಬೋಗುಣಿ, ಒಂದು ಪಾಯಖಾನೆ. ನೆಲದ ಕೆಳಗಿನ ಸಿಹಿನೀರಿನ ಟಾಕಿಯಿಂದ ಇವಕ್ಕೆಲ್ಲ ಒತ್ತಿ ಕೂರಿಸುವ ಪೈಪಿನಲ್ಲಿ ನೀರು ಹೋಗುತ್ತಿತ್ತು. ಅಲುಗಾಡುವ ದೋಣಿಗೆ ಗಡಸು ಪೈಪು ಹಾಕಿದರೆ ಬಿರಿಯುತ್ತದೆ ಎಂದು ಕಟ್ಟಿದವರು ಇದನ್ನು ಹಾಕಿದ್ದರು. ವಿಚಾರ ಸರಿಯಾಗಿಯೇ ಇತ್ತು.

ದೋಣಿ ನಡೆಸುವವನು, ಎಂಜಿನ್ ನೋಡಿಕೊಳ್ಳುವವನು ಎಲ್ಲ ಒಬ್ಬನೇ: ಚಾಂದಸಾಬ. ಮೊದಲ ದಿನ ನಾನು ಹಲಗೆ ಎತ್ತಿ ಕೆಳಗೆ ಇಳಿಯುವಾಗ ಕಾಲು ಜಾರಿ, "ಯವ್ವಾ!" ಎಂದೆ. ಎಂಜಿನ್ನಿನ ಆಚೆಯಿಂದ ದನಿ ಬಂತು:

"ಯಾವೂರವ್ವಾ ಆಕಿ?"

ನಾನು ಬೆಚ್ಚಿಬಿದ್ದೆ. ಆ ಕೆರೆಯ ಮೇಲೆ ಹಿಂದಿ, ತೆಲುಗು ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. "ಸಿಂದಗಿ," ಎಂದೆ.

"ನಮ್ದು ಮುದ್ದೇಬಿಹಾಳ. ಬರ್ರಿ ಬರ್ರಿ, ಇಲ್ಲಿ ಕಾಲಿಡ್ರಿ. ಅಲ್ಲಿಟ್ರ ಸೀದಾ ಕೆರಿಗಿ ಹೋಗ್ತೀರಿ, ಸಿಂದಗಿಗೆ ಸುದ್ದಿ ಮುಟ್ಟಸೂದು ನನ್ನ ಪಾಲಿಗೆ ಬರ್ತೈತಿ."

ಎಣ್ಣೆಕಪ್ಪಿನ ನಡುವೆ ಎರಡು ಹಲ್ಲು ಕಾಣುವಂತೆ ನಕ್ಕ. ಆಮೇಲೆ ನಮಗಿಬ್ಬರಿಗೂ ಆ ದೋಣಿಯ ಹೊಟ್ಟೆಯೇ ತಾಲೂಕಾ ಕಚೇರಿ, ಅದೇ ಬಸ್‌ಸ್ಟ್ಯಾಂಡು, ಅದೇ ಊರ ಕಟ್ಟೆ. ಜೋಳದ ರೊಟ್ಟಿ ಅವನದು, ಪುಂಡಿಪಲ್ಯ ನನ್ನದು.

ಚಾಂದಸಾಬ ಮೊದಲು ಸನತ್‌ನಗರದ ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿದ್ದ. ಕಾರ್ಖಾನೆಗೆ ಬೀಗ ಬಿತ್ತು. ಆಮೇಲೆ ಕೆಲವು ವರ್ಷ ಒಂದು ಬಟ್ಟೆ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದ. ಆ ವರ್ಷಗಳ ಮಾತು ಬಂದರೆ ಅವನ ಮುಖ ಸಣ್ಣದಾಗುತ್ತಿತ್ತು. "ಮಿಸ್ತ್ರಿ, ಮನಷ್ಯಾಗ ಸುಮ್ನ ಕೂಡೂದಕ್ಕ ಪಗಾರ ಕೊಟ್ರ ಅದು ಪಗಾರಲ್ರಿ, ಶಿಕ್ಷಾ," ಎನ್ನುತ್ತಿದ್ದ. ದೋಣಿಯ ಎಂಜಿನ್ ಅವನಿಗೆ ಸಿಕ್ಕ ಮೇಲೆ ಮತ್ತೆ ಯಂತ್ರವೊಂದು ಕೈಗೆ ಬಂದಿತ್ತು. ಅದನ್ನು ಕೂಸಿನಂತೆ ನೋಡಿಕೊಳ್ಳುತ್ತಿದ್ದ.

ಇನ್ನು ಸೋರಿಕೆಯ ವಿಷಯ. ಮೊದಲ ಸಲ ಅಡುಗೆಕಟ್ಟೆಯ ಕೆಳಗಿನ ಮೂಲೆಯ ಜಾಯಿಂಟು ಸೋರುತ್ತಿತ್ತು. ತೆಗೆದು ನೋಡಿದೆ. ಪೈಪಿನ ಮೈಮೇಲೆ ಗೀರುಗಳಿದ್ದವು. ಗೀರಿದ ಪೈಪಿನ ಮೇಲೆ ರಬ್ಬರ್ ಉಂಗುರ ಕೂರುವುದಿಲ್ಲ, ಗೀರಿನ ಸಂದಿಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಆ ತುದಿ ಕತ್ತರಿಸಿ ಹೊಸದಾಗಿ ಕೂರಿಸಿದೆ. ಸ್ವಲ್ಪ ದಿನಕ್ಕೆ ಪಕ್ಕದ್ದು ಸೋರಿತು. ಕಟ್ಟಿದವರೇ ಗೀರಿದ ಪೈಪು ಹಾಕಿರಬೇಕು ಎಂದು ಅವರಿಗೆ ಬೈದೆ. ಆಮೇಲೆ ಇನ್ನೊಂದು. ಎಂಜಿನ್ನಿನ ಕಾವಿಗೆ ರಬ್ಬರ್ ಸತ್ತಿದೆ ಎಂದುಕೊಂಡು ಉಂಗುರಗಳನ್ನೆಲ್ಲ ಬದಲಿಸಿದೆ. ಮತ್ತೊಂದು ಸಲ ಪೈಪು ಜೋಲುತ್ತಿದೆ ಎಂದು ಉದ್ದಕ್ಕೂ ಕ್ಲಿಪ್ಪು ಬಡಿದೆ. ಪ್ರತಿ ಸಲ ತುದಿ ಕತ್ತರಿಸಿ ಕತ್ತರಿಸಿ ಪೈಪು ಗಿಡ್ಡವಾಗಿ ತಂತಿಯಂತೆ ಬಿಗಿದು ನಿಂತಿತು. ಹಾಗೆ ಎಳೆದು ನಿಂತ ಪೈಪು ಇನ್ನೂ ಬೇಗ ಸೋರುತ್ತದೆ. ನನಗೆ ಕೆಲಸ ಸಿಗುತ್ತಿತ್ತು ನಿಜ. ಆದರೆ ಮಾಡಿದ ಕೆಲಸಕ್ಕೇ ಮತ್ತೆ ಮತ್ತೆ ಕರೆ ಬಂದರೆ ಅದು ವ್ಯಾಪಾರವಲ್ಲ, ಮರ್ಯಾದೆ ಹರಾಜು.

ಅಷ್ಟರಲ್ಲಿ ಒಂದು ನಿಶ್ಚಿತಾರ್ಥ ಬಂತು. ದೋಣಿ ಕೆರೆಯ ನಡುವಿಗೆ ಹೋದಾಗ ಮೇಲಿನ ಹಾಲ್‌ನ ಜಮಖಾನೆ ಕೆಳಗಿಂದ ನೆನೆಯತೊಡಗಿತು. ಹೆಣ್ಣಿನ ಕಡೆಯ ಅತ್ತೆಯೊಬ್ಬಳು ರೇಷ್ಮೆ ಸೀರೆಯ ಅಂಚನ್ನು ಮೊಳಕಾಲ ತನಕ ಎತ್ತಿ ಕುರ್ಚಿಯ ಮೇಲೆ ನಿಂತಳಂತೆ. ದೋಣಿ ಮುಳುಗುತ್ತಿದೆ ಎಂದು ಯಾರೋ ಕೂಗಿದರು. ಮುಳುಗುತ್ತಿರಲಿಲ್ಲ, ಅದು ನಮ್ಮ ಟಾಕಿಯ ನೀರೇ. ಆದರೆ ಕೆರೆಯ ನಡುವೆ ಕಾಲು ಒದ್ದೆಯಾದರೆ ಯಾರು ಟಾಕಿ, ಕೆರೆ ಎಂದು ವಿಚಾರಿಸುತ್ತಾರೆ? ರಾಜಿರೆಡ್ಡಿ ಬಾಡಿಗೆ ಹಿಂದಿರುಗಿಸಬೇಕಾಯಿತು.

ಮರುದಿನ ನನ್ನನ್ನು ಕರೆಸಿದ. ಚಾಂದಸಾಬ ಪಕ್ಕದಲ್ಲೇ ಎಣ್ಣೆಬಟ್ಟೆ ಹಿಡಿದು ನಿಂತಿದ್ದ. ರೆಡ್ಡಿ ನನಗೆ ಹೇಳುವಂತೆ ಅವನಿಗೆ ಹೇಳಿದ: "ಪೈಪ್ ಸೇ ಮೇರಾ ಝಗಡಾ ನಕ್ಕೋ. ಆದ್ಮೀ ಧ್ಯಾನ್ ನಹೀಂ ದೇರಾ. ಕಾಕಿನಾಡದಲ್ಲಿ ಒಬ್ಬ ಹುಡುಗ ಇದ್ದಾನೆ, ಸಮುದ್ರದ ದೋಣಿ ನಡೆಸಿದವನು. ಇನ್ನೊಮ್ಮೆ ನೀರು ಬಂದರೆ ಇವನ ಜಾಗಕ್ಕೆ ಅವನೇ ಬರ್ತಾನೆ, ಬಸ್."

ಪೈಪಿನ ತಪ್ಪಲ್ಲ, ಮನುಷ್ಯ ಲಕ್ಷ್ಯ ಕೊಡುತ್ತಿಲ್ಲ ಎಂದು. ರೆಡ್ಡಿ ಹೋದ ಮೇಲೆ ಚಾಂದಸಾಬ ನನ್ನ ಕಡೆ ತಿರುಗಿ, "ಲಕ್ಷ್ಯ ಇಲ್ಲಂತ್ರಿ ನಂದು," ಎಂದ. ಮತ್ತೆ, "ಆ ಸ್ಟೂಲು ಇನ್ನೂ ಅದೇ ಅಂಗಡಿ ಮುಂದ ಐತಿ, ಮಿಸ್ತ್ರಿ. ಮೊನ್ನೆ ನೋಡಿದೆ," ಎಂದ.

ಆ ಸಲ ನಾನು ರಿಪೇರಿ ಮಾಡುವುದರ ಜೊತೆಗೆ ಒಂದು ಉಪಾಯವನ್ನೂ ಮಾಡಿದೆ. ಪ್ರತಿ ಜಾಯಿಂಟಿನಲ್ಲೂ ಪೈಪಿನ ಮೇಲಿಂದ ಫಿಟ್ಟಿಂಗಿನ ಮೇಲಕ್ಕೆ ದಾಟುವಂತೆ ಕಪ್ಪು ಪೆನ್ನಿನಿಂದ ಒಂದು ನೇರ ಗೆರೆ ಎಳೆದೆ. ಪೈಪು ಹೊರಕ್ಕೆ ಸರಿಯುತ್ತದೋ, ಎಲ್ಲಿ, ಎಷ್ಟು, ಅದು ಗೊತ್ತಾಗಲಿ ಎಂದು. ಒಂದು ವಾರ ಬಿಟ್ಟು ಹೋಗಿ ಹಲಗೆ ಎತ್ತಿ ಟಾರ್ಚು ಹಾಕಿದೆ. ಗೆರೆಗಳು ಒಂದೂ ಕೂಡಿರಲಿಲ್ಲ. ಪೈಪಿನ ಮೇಲಿನ ಅರ್ಧ ಒಂದು ಕಡೆ, ಫಿಟ್ಟಿಂಗಿನ ಮೇಲಿನ ಅರ್ಧ ಇನ್ನೊಂದು ಕಡೆ. ಪೈಪುಗಳು ತಿರುಗಿದ್ದವು. ಎಂಜಿನ್ನಿನ ನಡುಕದಿಂದ ಎನ್ನೋಣವೆಂದರೆ ನಡುಕ ಒಂದನ್ನು ಹೀಗೆ, ಒಂದನ್ನು ಹಾಗೆ ತಿರುಗಿಸಬೇಕು. ಇವೆಲ್ಲ ಒಂದೇ ದಿಕ್ಕಿಗೆ ತಿರುಗಿದ್ದವು. ಬಲಕ್ಕೆ. ಬಿಗಿ ಮಾಡುವ ದಿಕ್ಕಿಗೆ.

ಯಂತ್ರಕ್ಕೆ ಆ ದಿಕ್ಕು ಗೊತ್ತಿಲ್ಲ. ಅದು ಗೊತ್ತಿರುವುದು ಕೈಗೆ ಮಾತ್ರ.

ಮರುದಿನ ದೋಣಿ ಬಿಡುವ ಮೊದಲೇ ಹೋದೆ, ಹೇಳದೆ. ಕೆರೆಯ ನಡುವಿನ ಬುದ್ಧನ ವಿಗ್ರಹದ ಹಿಂದೆ ಬಿಸಿಲು ಇನ್ನೂ ಏರುತ್ತಿತ್ತು. ಚಾಂದಸಾಬ ಹಲಗೆ ತೆಗೆದು ಕೆಳಗಿಳಿದಿದ್ದ. ನಾನು ಮೇಲೆ ನಿಂತು ನೋಡಿದೆ. ಅವನು ಟಾಕಿಯ ಕಡೆಯಿಂದ ಶುರುಮಾಡಿದ. ಬಿಸ್ಮಿಲ್ಲಾ ಎಂದು ಮೊದಲ ಜಾಯಿಂಟಿಗೆ ಕೈ ಹಾಕಿ, ಪೈಪನ್ನು ಹಿಡಿದು ಒಂದು ಚೂರು ಬಲಕ್ಕೆ ತಿರುಗಿಸಿದ, ಮೇಲೆ ಎರಡು ಸಲ ತಟ್ಟಿದ, ಮುಂದಿನದಕ್ಕೆ ಹೋದ. ಅದಕ್ಕೂ ಹಾಗೆಯೇ. ಮೊಳಕಾಲ ಮೇಲೆ ತೆವಳುತ್ತ, ಕತ್ತಲೆಯಲ್ಲಿ, ಒಂದನ್ನೂ ಬಿಡದೆ. ಅವನ ತುಟಿ ಏನೋ ಗುನುಗುತ್ತಿತ್ತು. ಆ ಮುಖದ ಶಾಂತಿಯನ್ನು ನೋಡಿದರೆ ತಡೆಯುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ.

ಬಾಯ್ಲರ್ ಮನೆಯಲ್ಲಿ ಪಾಳಿ ಹಿಡಿಯುವಾಗ ಮಾಡುತ್ತಿದ್ದ ಕೆಲಸ ಅದು. ಒಳಗೆ ಕಾಲಿಟ್ಟವನು ಮೊದಲು ಉಗಿಯ ಸಾಲಿನುದ್ದಕ್ಕೂ ನಡೆದು ಪ್ರತಿ ನಟ್ಟಿಗೂ ಇನ್ನೊಂಚೂರು ಕೊಡಬೇಕು, ಆಮೇಲೆಯೇ ಚಹಾ. ಅವನ ಪಾಳಿಯಲ್ಲಿ ಉಗಿ ಸೋರಿದ್ದೇ ಇಲ್ಲ ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ, ಅದು ಖರೆಯೇ ಇರಬೇಕು. ಆದರೆ ಈ ಪೈಪಿನಲ್ಲಿ ಆಟೆ ಇಲ್ಲ, ಹಲ್ಲಿದೆ. ತಿರುಗಿಸಿದರೆ ಬಿಗಿಯಾಗುವುದಿಲ್ಲ, ಹಲ್ಲು ಪೈಪನ್ನು ಸುತ್ತ ಗೀರುತ್ತದೆ, ಪೈಪು ಕೂದಲೆಳೆಯಷ್ಟು ಹೊರಕ್ಕೆ ಜರಗುತ್ತದೆ. ದಿನಾ ಮುಂಜಾನೆ ಒಂದೊಂದು ಕೂದಲೆಳೆ.

ಚಹಾ ತರಿಸಿ, ಕತ್ತರಿಸಿ ತೆಗೆದ ಒಂದು ತುದಿಯನ್ನು ಅವನ ಅಂಗೈಯಲ್ಲಿಟ್ಟೆ. ಬಳೆ ಬಳೆಯಾಗಿ ಗೀರುಗಳು. ಹಲ್ಲಿನ ಸಂಗತಿ ಹೇಳಿದೆ. ಅವನು ತುದಿಯನ್ನು ಉಗುರಿನಿಂದ ಸವರಿದ.

"ಹಂಗಾದ್ರ ನಾನ ಕಚ್ಚಾಕತ್ತಿದ್ನೇನ್ರಿ ಇದನ್ನ?"

"ನೀ ಅಲ್ಲೋ ಮಾರಾಯ. ನಿನ್ನ ಪ್ರೀತಿ."

"ಪ್ರೀತೀಲೆ ಕಚ್ಚಿದ್ರೂ ತೂತು ತೂತ ಅಲ್ಲೇನ್ರಿ," ಎಂದು ಚಹಾ ಕೆಳಗಿಟ್ಟ. ಆಮೇಲೆ ಇನ್ನು ಮುಟ್ಟುವುದಿಲ್ಲ ಎಂದು ತನ್ನ ತಾಯಿಯ ಮೇಲೆ ಆಣೆ ಮಾಡಿದ.

ನಾನು ಸಾಲನ್ನು ಸರಿಮಾಡಿ, ಹೊಸ ಗೆರೆ ಎಳೆದು ಬಂದೆ. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ಟಾಕಿಯ ಕಡೆಯ ಎರಡು ಗೆರೆಗಳು ಮತ್ತೆ ಮುರಿದಿದ್ದವು. ಅವನು ನನ್ನ ಮುಖ ನೋಡಲಾರದೆ ನಿಂತ. "ತಲಿ ಕೇಳ್ತೈತ್ರಿ, ಕೈ ಕೇಳವಲ್ದು. ಎಂಜಿನ್ ಎಣ್ಣಿ ನೋಡಾಕಂತ ಇಳೀತೀನಿ, ನೋಡೂದ್ರಾಗ ಕೈ ಅಲ್ಲಿ ಇರ್ತೈತಿ. ಒಂದು ತಿರುವು ತಿರುಗಿಸಿದ ಮ್ಯಾಲ ನೆಪ್ಪಾಗ್ತೈತಿ. ನಿನ್ನೆ ಕೈಗೆ ವಸ್ತ್ರ ಕಟ್ಕೊಂಡಿದ್ದೆ, ಮಂದಿ ಗಾಯ ಆಗೇತೇನಂತ ಕೇಳಿದ್ರು." ಆಮೇಲೆ ಹಲಗೆ ಮುಚ್ಚುತ್ತ, "ಕಾಕಿನಾಡದ ಹುಡುಗಗ ಬರಾಕ ಹೇಳ್ರಿ, ಮಿಸ್ತ್ರಿ. ಅಂವಗ ಈ ರೋಗ ಇರಂಗಿಲ್ಲ," ಎಂದ.

ಆ ಸಂಜೆ ನಾನು ಮನೆಗೆ ಹೋಗಿ ಪ್ರದರ್ಶನದಿಂದ ತಂದ ಹಲಗೆಯ ಮುಂದೆ ಬಹಳ ಹೊತ್ತು ಕೂತೆ. ಪೈಪನ್ನು ಎಷ್ಟು ಸಲ ಸರಿಮಾಡಿದರೂ ಕೈ ಅದೇ ಕೈ. ಕೈಯನ್ನು ದೋಣಿಯಿಂದ ಇಳಿಸಿದರೆ ಪೈಪು ಉಳಿಯುತ್ತದೆ, ಮನುಷ್ಯ ಸ್ಟೂಲಿನ ಮೇಲೆ ಹೋಗಿ ಕೂರುತ್ತಾನೆ. ನಾನು ಚೌಕಾಸಿಯವನು, ಒಂದನ್ನು ಕೊಟ್ಟು ಒಂದನ್ನು ತೆಗೆದುಕೊಳ್ಳುವುದು ನನಗೆ ಗೊತ್ತು. ಆ ಕೈಯಿಂದ ಪೈಪನ್ನು ಬಿಡಿಸಬೇಕೆಂದರೆ ಅದರ ಬದಲಿಗೆ ಏನಾದರೂ ಕೊಡಬೇಕು ಎಂದು ಆಗ ಹೊಳೆಯಿತು.

ನನ್ನ ಹಳೆಯ ಸಾಮಾನಿನಲ್ಲಿ ಹಿತ್ತಾಳೆಯ ಕಾಕುಗಳಿದ್ದವು. ಪೈಪಿನ ನಡುವೆ ನೀರನ್ನು ಮುಚ್ಚಿ ತೆರೆಯುವ ಹಳೆಯ ಕಾಲದ ಗಟ್ಟಿ ಕಾಕುಗಳು, ಕುತ್ತಿಗೆಗೆ ಬಿಗಿ ಮಾಡುವ ನಟ್ಟು ಇರುವಂಥವು. ಮೂರನ್ನು ತೊಳೆದು, ಸಾಗುವಾನಿ ಹಲಗೆಯ ಮೇಲೆ ಸಾಲಾಗಿ ಕೂರಿಸಿದೆ: ಒಂದು ಟಾಕಿಗೆ, ಒಂದು ಅಡುಗೆಕಟ್ಟೆಗೆ, ಒಂದು ಬೋಗುಣಿ ಪಾಯಖಾನೆಗಳಿಗೆ. ಹಲಗೆಯನ್ನು ಎಂಜಿನ್ನಿನ ಪಕ್ಕ, ಕೆಳಗೆ ಇಳಿದವನ ಕೈಗೆ ಮೊದಲು ಸಿಗುವ ಜಾಗದಲ್ಲಿ ಬಿಗಿದೆ. ಪ್ಲಾಸ್ಟಿಕ್ ಪೈಪಿನ ಸಾಲನ್ನು ಮಾತ್ರ ಪ್ಲೈವುಡ್ ಪೆಟ್ಟಿಗೆ ಹಾಕಿ, ಸ್ಕ್ರೂ ಹೊಡೆದು ಮುಚ್ಚಿಬಿಟ್ಟೆ.

ಚಾಂದಸಾಬ ಕಾಕುಗಳನ್ನು ನೋಡಿದ, ನನ್ನನ್ನು ನೋಡಿದ. ಮೂಗು ಅರಳಿತು. "ಅಳೂ ಕೂಸಿಗೆ ಗಿಲಕಿ ಕೊಟ್ಟಂಗ ಕೊಟ್ಟೀರೇನ್ರಿ ನನಗ?"

"ಗಿಲಕಿ ಆಡಸಾಕ ನನಗ ಬ್ಯಾರೆ ಕೆಲಸ ಇಲ್ಲೇನು? ಕೇಳಿಲ್ಲೆ. ರಾತ್ರಿ ದೋಣಿ ಕಟ್ಟಿದ ಮ್ಯಾಲ ಮೂರೂ ಮುಚ್ಚಬೇಕು. ಪಂಪಿನ ಜೋರು ಪೈಪಿನ ಮ್ಯಾಲ ರಾತ್ರಿಡೀ ಕೂಡಬಾರದು. ಮುಂಜಾನೆ ಬಂದು ಮೂರೂ ತೆರೀಬೇಕು, ಕುತಗಿ ನಟ್ಟು ನೋಡಬೇಕು, ಸಡಲಿದ್ರ ಬಿಗಿ ಮಾಡಬೇಕು. ಇವು ದಿನಾ ತಿರುವಿದ್ರ ಬದುಕ್ತಾವು, ಬಿಟ್ರ ಹಿಡಕೊಂಡು ಸಾಯ್ತಾವು. ಮಾಡ್ತೀಯೋ, ಕಾಕಿನಾಡದಾಂವಗ ಹೇಳ್ಲೋ?"

ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅವನು ಕೂತು ಮೊದಲ ಕಾಕಿನ ನಟ್ಟಿಗೆ ಕೈ ಹಾಕಿದ. ಬಲಕ್ಕೆ ಒಂದು ಚೂರು. ಹಿತ್ತಾಳೆ ಅವನ ಕೈಯನ್ನು ತಿರುಗಿ ಒತ್ತಿತು. ಪ್ಲಾಸ್ಟಿಕ್ ಎಂದೂ ಹಾಗೆ ಒತ್ತಿರಲಿಲ್ಲ. ಬಿಗಿದಿದ್ದ ಅವನ ಭುಜ ಸಡಿಲಾದದ್ದನ್ನು ನಾನು ನೋಡಿದೆ. ಎರಡು ಸಲ ತಟ್ಟಿ ಮುಂದಿನದಕ್ಕೆ ಹೋದ.

ಇನ್ನು ರಾಜಿರೆಡ್ಡಿ. ಅವನಿಗೆ ಕಾರಣ ಹೇಳಿದರೆ ಚಾಂದಸಾಬನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೋಗಿ ಬೇರೆ ಮಾತು ತೆಗೆದೆ. "ಸಾಹೇಬ್, ಪೂರಾ ಸಾಲು ಹೊಸ ರೀತಿಯಲ್ಲಿ ಕಟ್ಟಿದ್ದೇನೆ. ಒಂದು ವರ್ಷ ಗ್ಯಾರಂಟಿ. ಹನಿ ಬಿದ್ದರೆ ನಾನೇ ಬಂದು ಬಿಟ್ಟಿ ಮಾಡುತ್ತೇನೆ."

ರೆಡ್ಡಿಯ ಕಣ್ಣು ಸಣ್ಣದಾಯಿತು. ನಾನು ಯಾವತ್ತೂ ಬಿಟ್ಟಿ ಎಂಬ ಮಾತು ಆಡಿದವನಲ್ಲ. "ಏಂ ಸಂಗತಿ, ಶರಣಪ್ಪ? ಷರತ್ತು ಏನು?"

"ಷರತ್ತು ಒಂದೇ. ಗ್ಯಾರಂಟಿ ಒಂದು ಕೈಗೆ. ದಿನಾ ಕಾಕು ತೆರೆಯುವ, ಮುಚ್ಚುವ ಅಳತೆ ನಾನು ಚಾಂದಸಾಬನಿಗೆ ಕಲಿಸಿದ್ದೇನೆ. ಆ ಕೈ ಬದಲಾದರೆ ಗ್ಯಾರಂಟಿ ಇಲ್ಲ, ಹೊಸಬನಿಗೆ ಕಲಿಸಲು ನನ್ನ ರೇಟು ಬೇರೆ."

ಅವನು ಬಹಳ ಹೊತ್ತು ಲೆಕ್ಕ ಹಾಕಿದ. ಎರಡು ವರ್ಷ ಮಾಡು ಎಂದ. ಒಂದೂವರೆಗೆ ಒಪ್ಪಿದೆ. ಒಂದೂವರೆಗೇ ಒಪ್ಪಬೇಕೆಂದು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಒಂದು ಎಂದಿದ್ದೆ.

ಮುಂದಿನ ಬಾಡಿಗೆ ಒಂದು ದೊಡ್ಡ ಮದುವೆಯ ಬಳಗ. ನಾನೂ ಚೀಲ ಹಿಡಿದು ಹಿಂದೆ ಕೂತಿದ್ದೆ. ದೋಣಿ ಬುದ್ಧನನ್ನು ಸುತ್ತಿ ಹಿಂದೆ ಬರುವ ತನಕ ಚಾಂದಸಾಬ ಚಕ್ರ ಹಿಡಿದು ಮುಂದೆ ನೋಡುತ್ತಿದ್ದ, ನಾನು ಜಮಖಾನೆ ನೋಡುತ್ತಿದ್ದೆ. ಮಕ್ಕಳು ಅದರ ಮೇಲೆ ಉರುಳಾಡುತ್ತಿದ್ದರು. ದಡ ಹತ್ತಿದಾಗ ಅವನು ಹಿಂದೆ ತಿರುಗಿ ಹುಬ್ಬು ಹಾರಿಸಿ ಕೇಳಿದ. ನಾನು ಒಣ ಅಂಗೈ ಎತ್ತಿ ತೋರಿಸಿದೆ.

ಕಾಕಿನಾಡದ ಹುಡುಗ ಬರಲೇ ಇಲ್ಲ. ಚಾಂದಸಾಬ ಕಣ್ಣು ಮಂಜಾಗುವ ತನಕ ಆ ದೋಣಿ ನಡೆಸಿದ, ತಾನಾಗಿಯೇ ಇಳಿದ, ಸೊಲ್ಲಾಪುರದಲ್ಲಿದ್ದ ಮಗಳ ಮನೆಗೆ ಹೋದ. ಯಾರೂ ಇಳಿಸಲಿಲ್ಲ. ಹೋಗುವ ದಿನ ಮುಂದಿನ ಚಾಲಕನಿಗೆ ಕಾಕು ತೋರಿಸಿ, ಹೀಗೆ, ಬಲಕ್ಕೆ, ಒಂದು ಚೂರು ಎಂದು ಅವನ ಕೈ ಹಿಡಿದು ತಿರುಗಿಸಿ ಕೊಟ್ಟು ಹೋದನಂತೆ.

ನನಗೆ ನಷ್ಟವಾದದ್ದು ಬೇರೆ. ಆ ಕೆಲಸ ಎಷ್ಟು ಚೆನ್ನಾಗಿ ನಿಂತಿತೆಂದರೆ ನನ್ನನ್ನು ಆ ದೋಣಿಗೆ ಕರೆಯುವವರೇ ಇಲ್ಲವಾದರು. ಸೋರಿಕೆ ಇದ್ದಾಗ ವಾರಕ್ಕೊಮ್ಮೆ ಆ ರೊಟ್ಟಿ, ಆ ಮಾತು, ಎಂಜಿನ್ನಿನ ಬಿಸಿಗೆ ಬೆನ್ನು ಕೊಟ್ಟು ಕೂರುವ ಸುಖ ಇತ್ತು. ಸರಿಹೋದ ಮೇಲೆ ಬೇರೆ ಬೇರೆ ಕೆಲಸ ಬಂದವು, ನಾನು ಓಡಿದೆ. ಸುಮ್ಮನೆ ಹೋಗಿ ಮಾತಾಡಿಸಿ ಬರಬಹುದಿತ್ತು. ಕೆಲಸವಿಲ್ಲದೆ ಹೋಗುವುದು ನಮಗೆ ರೂಢಿ ಇರಲಿಲ್ಲ. ಒಮ್ಮೆ ಟ್ಯಾಂಕ್‌ಬಂಡಿನ ಮೇಲೆ ಬಸ್ಸಿನಲ್ಲಿ ಹೋಗುವಾಗ ಕೆರೆಯ ನಡುವೆ ಆ ದೋಣಿ ಕಂಡಿತು. ಚಕ್ರ ಹಿಡಿದವನು ಸಾಸಿವೆ ಕಾಳಿನಷ್ಟು ಕಾಣುತ್ತಿದ್ದ. ನಾನು ಕಿಟಕಿಯಿಂದ ಕೈ ಬೀಸಿದೆ. ಪಕ್ಕದವನು ಯಾರಿಗೆ ಎಂದು ಕೇಳಿದ, ಊರವರಿಗೆ ಎಂದೆ. ಈಗ ಊರೆಂದರೆ ನನಗೆ ಸಿಂದಗಿ ಕಣ್ಣಿಗೆ ಬರುವುದು ಕಡಿಮೆ. ಎಣ್ಣೆ ವಾಸನೆಯ ಆ ಕತ್ತಲೆ, ಅದರೊಳಗಿಂದ "ಬರ್ರಿ ಬರ್ರಿ, ಇಲ್ಲಿ ಕಾಲಿಡ್ರಿ" ಎಂಬ ದನಿ, ಅಷ್ಟೇ ಬರುತ್ತದೆ.

ಇರಲಿ. ನೀವು ಈ ಕೆಲಸಕ್ಕೆ ಬರುವವರು, ನಿಮಗೆ ಬೇಕಾದ್ದು ಇದು. ಒತ್ತಿ ಕೂರಿಸುವ ಪೈಪನ್ನು ಗರಗಸದಿಂದ ಕೊಯ್ಯಬೇಡಿ. ಕತ್ತರಿ ಬಳಸಿ, ತುದಿ ನೆಟ್ಟಗಿರಲಿ, ಅಂಚನ್ನು ಬೆರಳಿಗೆ ಒರಟು ತಾಗದಂತೆ ನಯಮಾಡಿ. ಎಷ್ಟು ಒಳಗೆ ಹೋಗಬೇಕೋ ಅಷ್ಟಕ್ಕೆ ಮೊದಲೇ ಗುರುತು ಹಾಕಿ, ಗುರುತು ಮುಳುಗುವ ತನಕ ಒತ್ತಿ, ಆಮೇಲೆ ಹಿಂದಕ್ಕೆ ಎಳೆದು ನೋಡಿ. ಎಣ್ಣೆ, ಗ್ರೀಸು ಹಚ್ಚಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ದೋಣಿಯಲ್ಲಿ ಪೈಪಿಗೆ ಸ್ವಲ್ಪ ಸಡಿಲು ಬಿಡಿ, ಆದರೆ ಜೋಲಲು ಬಿಡಬೇಡಿ. ಜಾಯಿಂಟಿನ ಮೇಲೆ ನೇರ ಗೆರೆ ಎಳೆಯಿರಿ, ಪೆನ್ನಿಗೆ ಖರ್ಚಿಲ್ಲ. ಒಂದೇ ಸೋರಿಕೆ ಮತ್ತೆ ಬಂದರೆ ಪೈಪು ನೋಡುವುದನ್ನು ನಿಲ್ಲಿಸಿ, ಮುಂಜಾನೆ ಬೇಗ ಹೋಗಿ ಅದನ್ನು ಯಾರು ಮುಟ್ಟುತ್ತಾರೆಂದು ನೋಡಿ. ಮುಟ್ಟುವವನು ಉಡಾಫೆಯವನಾದರೆ ಮಾಲೀಕನಿಗೆ ಹೇಳಿ. ಅಕ್ಕರೆಯವನಾದರೆ ಹೇಳಬೇಡಿ, ಆ ಅಕ್ಕರೆಯನ್ನು ತಡೆದುಕೊಳ್ಳುವಷ್ಟು ಗಟ್ಟಿಯಾದ ಸಾಮಾನೊಂದನ್ನು ಅವನ ಕೈಗೆ ಕೊಡಿ.

ಮತ್ತೆ, ನಿಮ್ಮ ಊರ ಕಡೆಯ ಮಾತಾಡುವವನು ಒಬ್ಬ ಸಿಕ್ಕರೆ, ಕೆಲಸ ಮುಗಿದ ಕೂಡಲೇ ಚೀಲ ಎತ್ತಬೇಡಿ. ಇನ್ನೊಂದು ಜಾಯಿಂಟು ನೋಡುವುದಿದೆ ಎಂದು ಹೇಳಿ, ಕೂತುಬಿಡಿ.